ಕಟ್ಟಿದ ಒಡ್ಡು ಕಾಯುವ ಔಷಧಿ: ಹೃದಯದ ಆಪರೇಷನ್ ಮತ್ತು ರಕ್ತಸ್ರಾವ

ಕಾಲೇಜಿನ ವಾಟ್ಸಾಪ್ ಗ್ರೂಪುಗಳಲ್ಲಿ ವಾರಕ್ಕೊಂದಾದರೂ ಈ ಥರದ ಮೆಸೇಜ್ ಬರುತ್ತೆ: "ಅರ್ಜೆಂಟ್, ಬಿ ನೆಗೆಟಿವ್ ಬೇಕು, ಹಾರ್ಟ್ ಆಪರೇಷನ್ ಪೇಷಂಟ್." ನಾವು ಫಾರ್ವರ್ಡ್ ಮಾಡ್ತೀವಿ, ಕೆಲವರು ಹೋಗಿ ರಕ್ತ ಕೊಟ್ಟೂ ಬರ್ತೀವಿ. ಆದರೆ ಹೃದಯದ ಆಪರೇಷನ್‌ಗೆ ಅಷ್ಟು ರಕ್ತ ಯಾಕೆ ಬೇಕು, ಅದನ್ನು ಕಡಿಮೆ ಮಾಡೋಕೆ ಔಷಧಿ ಇದೆಯಾ, ಇದ್ದರೆ ಅದು ಏನು ಮಾಡುತ್ತೆ ಅನ್ನೋ ಪ್ರಶ್ನೆಯನ್ನು ಕೇಳೋರು ಕಡಿಮೆ. ಈ ಸಂಚಿಕೆಯ ಪಾಠ ಅದೇ.

ನಾವು ಹಂಪಸಾಗರದ ಕಡೆಯವರು. ಹಗರಿಬೊಮ್ಮನಹಳ್ಳಿ ತಾಲೂಕು, ವಿಜಯನಗರ ಜಿಲ್ಲೆ. ನಮ್ಮ ಕಡೆ ಯಾರಿಗಾದರೂ ಎದೆ ತೆರೆದು ಮಾಡುವ ಆಪರೇಷನ್ ಅಂದರೆ ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಇಲ್ಲವೇ ಬೆಂಗಳೂರಿನ ಜಯದೇವ ಅಂತ ಮಾತು ಶುರುವಾಗುತ್ತೆ. ದುಡ್ಡಿನ ದಾರಿ ಮೊದಲಿಗಿಂತ ಸ್ವಲ್ಪ ಸುಲಭ ಆಗಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಶುರುವಾಗಿದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ, ಆಗಿನ ಬಳ್ಳಾರಿ ಜಿಲ್ಲೆಯೂ ಅದರಲ್ಲಿತ್ತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಕಾರ್ಡು ತೋರಿಸಿದರೆ ಆಪರೇಷನ್ ಖರ್ಚು ಹೊಂದಬಹುದು. ಆದರೆ ರಕ್ತ ಕಾರ್ಡಿನಿಂದ ಹುಟ್ಟಲ್ಲ, ಯಾರಾದರೂ ತೋಳು ಚಾಚಲೇಬೇಕು. ಊರಿನಿಂದ ಇಷ್ಟು ದೂರ ಬಂದ ಮನೆಯವರಿಗೆ ಗೊತ್ತಿಲ್ಲದ ಪಟ್ಟಣದಲ್ಲಿ ನಾಲ್ಕು ಜನ ದಾನಿಗಳನ್ನು ಹುಡುಕೋದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಹಾಗಾಗಿ ಒಬ್ಬ ರೋಗಿಗೆ ಒಂದು ಯೂನಿಟ್ ರಕ್ತ ಕಡಿಮೆ ಬೇಕಾದರೂ ಅದು ದೊಡ್ಡ ವಿಷಯ.

ಮೊದಲೇ ಒಂದು ಮಾತು. ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಡಾಕ್ಟರ್‌ಗಳಲ್ಲ. ಇದು ಓದಿ ತಿಳಿದುಕೊಳ್ಳೋ ಪಾಠ ಅಷ್ಟೆ. ಇದನ್ನು ನೋಡಿ ಯಾರೂ ಮಾತ್ರೆ ಶುರು ಮಾಡೋದು, ನಿಲ್ಲಿಸೋದು ಮಾಡಬಾರದು.

1. ಹೃದಯದ ಆಪರೇಷನ್‌ನಲ್ಲಿ ರಕ್ತ ಯಾಕೆ ಬೇಗ ನಿಲ್ಲಲ್ಲ?

ಬೆರಳು ಕೊಯ್ದುಕೊಂಡರೆ ಐದು–ಹತ್ತು ನಿಮಿಷದಲ್ಲಿ ರಕ್ತ ತಾನಾಗೇ ನಿಲ್ಲುತ್ತೆ. ಹೃದಯದ ಆಪರೇಷನ್‌ನಲ್ಲಿ ಹಾಗೆ ಆಗದಿರೋಕೆ ಮುಖ್ಯ ಕಾರಣ ಒಂದು ಮಷಿನ್.

ಬೈಪಾಸ್ ಅಥವಾ ವಾಲ್ವ್ ಬದಲಿಸುವ ಆಪರೇಷನ್ ಮಾಡುವಾಗ ಸಾಮಾನ್ಯವಾಗಿ ಹೃದಯವನ್ನು ನಿಲ್ಲಿಸ್ತಾರೆ. ಆ ಹೊತ್ತಲ್ಲಿ ರಕ್ತವನ್ನು ಮೈಯಿಂದ ಹೊರಗೆ ತಂದು, ಆಕ್ಸಿಜನ್ ಸೇರಿಸಿ, ಮತ್ತೆ ಒಳಗೆ ತಳ್ಳುವ ಕೆಲಸ ಹಾರ್ಟ್-ಲಂಗ್ ಮಷಿನ್‌ದು. ಅಮೆರಿಕದ ಜಾನ್ ಗಿಬ್ಬನ್ 1953ರ ಮೇ ತಿಂಗಳಲ್ಲಿ ಈ ಮಷಿನ್ ಇಟ್ಟುಕೊಂಡು ಮೊದಲ ಬಾರಿಗೆ ಯಶಸ್ವಿ ಆಪರೇಷನ್ ಮಾಡಿದ. ನಮ್ಮ ತುಂಗಭದ್ರಾ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟದ್ದೂ ಅದೇ ವರ್ಷ. ಎರಡೂ ಹರಿವನ್ನು ಹಿಡಿದು, ಬೇಕಾದ ದಾರಿಗೆ ತಿರುಗಿಸುವ ಕೆಲಸವೇ.

ಈಗ ಈ ಮಷಿನ್‌ನಿಂದ ರಕ್ತಕ್ಕೆ ಏನೇನು ಆಗುತ್ತೆ ನೋಡೋಣ.

ಒಂದು, ರಕ್ತ ಪ್ಲಾಸ್ಟಿಕ್ ಪೈಪು ಮುಟ್ಟಿದ ಕೂಡಲೇ ಹೆಪ್ಪುಗಟ್ಟೋಕೆ ನೋಡುತ್ತೆ. ಪೈಪಿನಲ್ಲಿ ಹೆಪ್ಪುಗಟ್ಟಿದರೆ ರೋಗಿ ಉಳಿಯಲ್ಲ. ಅದಕ್ಕೆ ಹೆಪಾರಿನ್ ಅನ್ನೋ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ, ಕೆಜಿಗೆ 300ರಿಂದ 400 ಯೂನಿಟ್, ಕೊಟ್ಟು ಹೆಪ್ಪುಗಟ್ಟೋದನ್ನೇ ನಿಲ್ಲಿಸ್ತಾರೆ. ಆಪರೇಷನ್ ಮುಗಿದ ಮೇಲೆ ಪ್ರೋಟಮೀನ್ ಕೊಟ್ಟು ಹೆಪಾರಿನ್ನಿನ ಕೆಲಸ ರದ್ದು ಮಾಡ್ತಾರೆ. ಒಂದು ಸ್ವಿಚ್ ಆಫ್, ಇನ್ನೊಂದು ಆನ್ ಅಂತ ಇಟ್ಟುಕೊಳ್ಳಿ. ಆದರೆ ಆನ್ ಮಾಡಿದ ತಕ್ಷಣ ಎಲ್ಲಾ ಮೊದಲಿನ ಹಾಗೆ ಆಗಲ್ಲ.

ಎರಡು, ಮಷಿನ್ ಪೈಪುಗಳನ್ನು ತುಂಬಿಸೋಕೆ ಒಂದು ಲೀಟರ್ ಮೇಲೆ ದ್ರವ ಬೇಕು. ಅದು ರಕ್ತಕ್ಕೆ ಸೇರಿ, ಹೆಪ್ಪುಗಟ್ಟಿಸುವ ಪ್ರೋಟೀನುಗಳು ತೆಳುವಾಗ್ತವೆ. ಸಾರಿಗೆ ನೀರು ಹೆಚ್ಚು ಹಾಕಿದ ಹಾಗೆ.

ಮೂರು, ಪಂಪಿನಲ್ಲಿ ಸುತ್ತಿ ಸುತ್ತಿ ಪ್ಲೇಟ್‌ಲೆಟ್‌ಗಳು ಸುಸ್ತಾಗ್ತವೆ, ಕೆಲವು ಹಾಳಾಗ್ತವೆ. ಮೈ ತಣ್ಣಗಾದರೆ ಉಳಿದವೂ ನಿಧಾನ.

ನಾಲ್ಕು, ಈ ಪಾಠಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು: ಕಟ್ಟಿದ ಹೆಪ್ಪನ್ನು ಕರಗಿಸುವ ನಮ್ಮದೇ ದೇಹದ ವ್ಯವಸ್ಥೆ ಈ ಹೊತ್ತಲ್ಲಿ ಜೋರಾಗಿ ಎಚ್ಚರಗೊಳ್ಳುತ್ತೆ. ಒಂದು ಕಡೆ ಕಟ್ಟೋದು ನಿಧಾನ, ಇನ್ನೊಂದು ಕಡೆ ಕೆಡವೋದು ಜೋರು.

2. ಒಡ್ಡು ಕಟ್ಟೋರು, ಒಡ್ಡು ಕೀಳೋರು

ಹೊಲಕ್ಕೆ ನೀರು ಹಾಯಿಸಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಕಾಲುವೆಯ ಬದು ಒಡೆದರೆ ಮೊದಲು ಕೈಗೆ ಸಿಕ್ಕ ಕಲ್ಲು, ಹೆಂಟೆ ಹಾಕ್ತಾರೆ. ಆಮೇಲೆ ಹುಲ್ಲು, ಕಡ್ಡಿ, ಚೀಲ ಸೇರಿಸಿ ಗಟ್ಟಿ ಮಾಡ್ತಾರೆ. ರಕ್ತನಾಳ ಕಿತ್ತ ಜಾಗದಲ್ಲಿ ಕಲ್ಲು, ಹೆಂಟೆ ಆಗೋದು ಪ್ಲೇಟ್‌ಲೆಟ್. ಹುಲ್ಲು, ಕಡ್ಡಿಯ ಬಲೆ ಆಗೋದು ಫೈಬ್ರಿನ್ ಅನ್ನೋ ಪ್ರೋಟೀನ್ ಎಳೆಗಳು. ರಕ್ತದಲ್ಲಿ ಕರಗಿರೋ ಫೈಬ್ರಿನೋಜನ್ನನ್ನು ಥ್ರಾಂಬಿನ್ ಅನ್ನೋ ಕಿಣ್ವ ಫೈಬ್ರಿನ್ ಮಾಡುತ್ತೆ.

ಗಾಯ ಮಾಯ್ದ ಮೇಲೆ ಆ ಒಡ್ಡು ಅಲ್ಲೇ ಇದ್ದರೆ ರಕ್ತ ಹರಿಯೋ ದಾರಿಗೇ ಅಡ್ಡ. ಅದಕ್ಕೆ ದೇಹ ಕೆಡವುವ ಆಳನ್ನೂ ಇಟ್ಟಿದೆ. ಅವನ ಹೆಸರು ಪ್ಲಾಸ್ಮಿನ್. ಸುಮ್ಮನೆ ತಿರುಗಾಡುವಾಗ ಅವನು ಪ್ಲಾಸ್ಮಿನೋಜನ್, ಗುದ್ದಲಿ ಕೈಯಲ್ಲಿದ್ದರೂ ಕೆಲಸ ಶುರು ಮಾಡಿಲ್ಲ. ಟಿಪಿಎ ಅನ್ನೋ ಇನ್ನೊಂದು ಪ್ರೋಟೀನ್ ಬಂದು "ಇನ್ನ ಕೀಳಪಾ" ಅಂದಾಗ ಪ್ಲಾಸ್ಮಿನ್ ಆಗಿ ಫೈಬ್ರಿನ್ ಎಳೆಗಳನ್ನು ಕತ್ತರಿಸ್ತಾನೆ.

ಆದರೆ ಕತ್ತರಿಸೋಕೆ ಮೊದಲು ಅವನು ಎಳೆಯನ್ನು ಹಿಡಿದುಕೊಳ್ಳಬೇಕು. ಫೈಬ್ರಿನ್ ಮೇಲೆ ಲೈಸಿನ್ ಅನ್ನೋ ಅಮೈನೋ ಆಮ್ಲದ ಮೊನೆಗಳಿರ್ತವೆ. ಪ್ಲಾಸ್ಮಿನೋಜನ್ನಿನ ಮೈಮೇಲೆ ಆ ಮೊನೆ ಹಿಡಿಯೋ ಕೊಂಡಿಗಳಿವೆ. ಆ ಭಾಗಗಳಿಗೆ ವಿಜ್ಞಾನಿಗಳು ಕ್ರಿಂಗಲ್ ಅಂತ ಹೆಸರಿಟ್ಟಿದ್ದಾರೆ, ಅದು ಡೆನ್ಮಾರ್ಕ್ ಕಡೆಯ ಒಂದು ತಿರುಚಿದ ತಿಂಡಿಯ ಹೆಸರು. ನಮ್ಮೂರಲ್ಲಿ ಕಂಡುಹಿಡಿದಿದ್ದರೆ ಕೋಡುಬಳೆ ಅಂತಿದ್ರೇನೋ.

3. ಟ್ರಾನೆಕ್ಸಾಮಿಕ್ ಆಮ್ಲ ಏನು ಮಾಡುತ್ತೆ?

ಈಗ ಔಷಧಿಯ ಕೆಲಸ ಒಂದೇ ಸಾಲಲ್ಲಿ ಹೇಳಬಹುದು. ಟ್ರಾನೆಕ್ಸಾಮಿಕ್ ಆಮ್ಲದ ಅಣು ಲೈಸಿನ್ ಥರಾನೇ ಕಾಣುತ್ತೆ. ಅದು ಮೊದಲೇ ಹೋಗಿ ಆ ಕೊಂಡಿಗಳಲ್ಲಿ ಕೂತುಬಿಡುತ್ತೆ. ಕೊಂಡಿ ತುಂಬಿದ ಮೇಲೆ ಪ್ಲಾಸ್ಮಿನೋಜನ್‌ಗೆ ಫೈಬ್ರಿನ್ ಹಿಡಿಯೋಕೆ ಆಗಲ್ಲ. ಗುದ್ದಲಿ ಇದೆ, ಆಳೂ ಇದ್ದಾನೆ, ಆದರೆ ಒಡ್ಡಿನ ಮೇಲೆ ಕಾಲೂರೋಕೆ ಜಾಗ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ, ಈ ಪಾಠದ ತಿರುಳೇ ಇದು. ಈ ಔಷಧಿ ರಕ್ತವನ್ನು ಹೆಪ್ಪುಗಟ್ಟಿಸಲ್ಲ. ಹೊಸ ಒಡ್ಡು ಕಟ್ಟಲ್ಲ. ದೇಹ ಕಟ್ಟಿಕೊಂಡ ಒಡ್ಡನ್ನು ಬೇಗ ಕೀಳದ ಹಾಗೆ ಕಾಯುತ್ತೆ, ಅಷ್ಟೆ. ಇದರಿಂದ ಮೂರು ಮಾತು ತಾನಾಗೇ ಹೊರಡ್ತವೆ. ಕೀಳೋದು ಶುರುವಾಗುವ ಮೊದಲೇ ಕೊಟ್ಟರೆ ಹೆಚ್ಚು ಲಾಭ, ಅದಕ್ಕೇ ಹೃದಯದ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಅನಸ್ತೇಶಿಯಾ ಕೊಟ್ಟಾದ ಮೇಲೆ, ಪಂಪ್ ಶುರುವಾಗುವ ಮೊದಲೇ ಇದನ್ನು ಶುರು ಮಾಡ್ತಾರೆ. ಎರಡನೇದು, ಒಡ್ಡೇ ಕಟ್ಟಿಲ್ಲದಿದ್ದರೆ ಕಾಯೋಕೆ ಏನೂ ಇಲ್ಲ. ಮೂರನೇದು, ಕೊಂಡಿಗಳೆಲ್ಲಾ ತುಂಬಿದ ಮೇಲೆ ಇನ್ನೂ ಸುರಿದರೆ ಲಾಭ ಅದೇ ಪ್ರಮಾಣದಲ್ಲಿ ಏರಲ್ಲ. ಎಲೆಕ್ಟ್ರಾನಿಕ್ಸ್‌ನವರಿಗೆ ಸ್ಯಾಚುರೇಷನ್ ಅಂದರೆ ಸಾಕು.

ಈ ಔಷಧಿ ನಮಗೆ ಪರಿಚಯ ಇಲ್ಲದ್ದೇನಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ಡಾಕ್ಟರ್ ಬರೆದುಕೊಡುವ ಪಾಸ್, ಟ್ರಾಪಿಕ್ ಮಾತ್ರೆಗಳಲ್ಲಿ ಇರೋದು ಇದೇ. ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರಲ್ಲಿ ಕೆಲವರು ತಗೊಂಡಿರ್ತಾರೆ. ಆಪರೇಷನ್ ಥಿಯೇಟರ್‌ನಲ್ಲಿ ಅದನ್ನೇ ಇಂಜೆಕ್ಷನ್ ರೂಪದಲ್ಲಿ ಕೊಡ್ತಾರೆ. ಭಾರತದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದಿದೆ. ಪೇಟೆಂಟ್ ಕಾಲ ಯಾವತ್ತೋ ಮುಗಿದಿರೋದರಿಂದ ಹಲವು ಕಂಪನಿಗಳು ಮಾಡ್ತವೆ, ದುಬಾರಿ ಅಲ್ಲ.

4. ಇದನ್ನು ಹುಡುಕಿದವರು

ಎರಡನೇ ಮಹಾಯುದ್ಧ ಮುಗಿದ ಮೇಲಿನ ಜಪಾನ್. ಉಟಾಕೋ ಒಕಾಮೋಟೋ ಮತ್ತು ಅವರ ಗಂಡ ಶೋಸುಕೆ ಒಕಾಮೋಟೋ ಟೋಕಿಯೋದ ಕೇಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಿದ್ದರು. ಲ್ಯಾಬಿಗೆ ಬೇಕಾದ ಸಾಮಾನು ಸಿಗೋದೇ ಕಷ್ಟ. ರಕ್ತವನ್ನೇ ವಿಷಯ ಅಂತ ಆರಿಸಿಕೊಂಡಿದ್ದಕ್ಕೆ ಒಂದು ಕಾರಣವನ್ನು ಉಟಾಕೋ ಆಮೇಲೆ ಹೇಳಿದ್ದಾರೆ: ಸ್ಯಾಂಪಲ್ ಸಾಲದಿದ್ದರೆ ತಮ್ಮದೇ ರಕ್ತ ತೆಗೆದುಕೊಳ್ಳಬಹುದಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡಿದವರು ಅವರು.

ಲೈಸಿನ್‌ಗೆ ಪ್ಲಾಸ್ಮಿನ್ ತಡೆಯುವ ಗುಣ ಇದೆ ಅಂತ ಕಂಡು, ಅದರ ಹೋಲಿಕೆಯ ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೊದಲು ಸಿಕ್ಕಿದ್ದು ಎಪ್ಸಿಲಾನ್ ಅಮೈನೋಕಾಪ್ರೋಯಿಕ್ ಆಮ್ಲ. 1962ರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಇನ್ನೊಂದನ್ನು ಪ್ರಕಟಿಸಿದರು, ಅದೇ ಟ್ರಾನೆಕ್ಸಾಮಿಕ್ ಆಮ್ಲ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರಿಗೆ ಇದು ಉಪಯೋಗ ಆಗಬೇಕು ಅನ್ನೋದು ಉಟಾಕೋ ಆಸೆ. ಅವರ ಕಾಲದ ಡಾಕ್ಟರ್‌ಗಳು ಅದಕ್ಕೆ ಆಸಕ್ತಿ ತೋರಿಸಲಿಲ್ಲ. 20,060 ತಾಯಂದಿರ ಮೇಲೆ ನಡೆದ ವುಮನ್ ಅನ್ನೋ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು: ಹೆರಿಗೆ ನಂತರದ ರಕ್ತಸ್ರಾವದಿಂದ ಆಗುವ ಸಾವು ಈ ಔಷಧಿಯಿಂದ ಕಡಿಮೆ ಆಗುತ್ತೆ. ಉಟಾಕೋ 2016ರಲ್ಲೇ ತೀರಿಕೊಂಡಿದ್ದರು.

5. ಹೀರೋ ಆಗಿದ್ದ ಇನ್ನೊಂದು ಔಷಧಿ

ಹೃದಯದ ಆಪರೇಷನ್‌ನಲ್ಲಿ ಮೊದಲು ಹೆಸರು ಮಾಡಿದ್ದು ಟ್ರಾನೆಕ್ಸಾಮಿಕ್ ಅಲ್ಲ, ಅಪ್ರೋಟಿನಿನ್. ದನದ ಶ್ವಾಸಕೋಶದಿಂದ ತೆಗೆಯುವ ಪ್ರೋಟೀನ್. ಕೊಂಡಿಯಲ್ಲಿ ಕೂರೋದಲ್ಲ, ಪ್ಲಾಸ್ಮಿನ್‌ನ ಬಾಯನ್ನೇ ಮುಚ್ಚುತ್ತೆ. ಜೊತೆಗೆ ಬೇರೆ ಕಿಣ್ವಗಳನ್ನೂ ತಡೆಯುತ್ತೆ. 1987ರಲ್ಲಿ ಲಂಡನ್ನಿನಲ್ಲಿ ಎರಡನೇ ಸಲ ಹೃದಯದ ಆಪರೇಷನ್ ಆಗುತ್ತಿದ್ದ 22 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಔಷಧಿ ಇಲ್ಲದವರಲ್ಲಿ ಸರಾಸರಿ 1,509 ಮಿಲಿ ಲೀಟರ್ ರಕ್ತ ಹೋದರೆ, ಔಷಧಿ ಪಡೆದವರಲ್ಲಿ 286 ಮಿಲಿ ಮಾತ್ರ. ಇಂಥ ಗ್ರಾಫ್ ನೋಡಿದರೆ ಯಾರಾದರೂ ಒಪ್ಪಿಬಿಡ್ತಾರೆ. ಎರಡು ದಶಕ ಇದನ್ನು ಲಕ್ಷಾಂತರ ಜನರಿಗೆ ಕೊಟ್ಟರು.

ಆದರೆ 22 ಜನರ ಅಧ್ಯಯನ "ರಕ್ತ ಎಷ್ಟು ಹೋಯಿತು" ಅನ್ನೋ ಪ್ರಶ್ನೆಗೆ ಉತ್ತರ ಕೊಡಬಹುದು, "ರೋಗಿ ಉಳಿದನಾ" ಅನ್ನೋದಕ್ಕಲ್ಲ. 2006ರಲ್ಲಿ ಕಿಡ್ನಿ ಮತ್ತು ಹೃದಯಕ್ಕೆ ತೊಂದರೆ ಹೆಚ್ಚಬಹುದು ಅಂತ ಒಂದು ದೊಡ್ಡ ವರದಿ ಬಂತು. ಆಮೇಲೆ ಕೆನಡಾದ ಬಾರ್ಟ್ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ 2,331 ರೋಗಿಗಳನ್ನು ಮೂರು ಗುಂಪು ಮಾಡಿ ಮೂರು ಔಷಧಿ ಕೊಟ್ಟು ನೋಡಿದರು. ಫಲಿತಾಂಶ ಹೀಗಿತ್ತು:

ಭಾರೀ ರಕ್ತಸ್ರಾವ: ಅಪ್ರೋಟಿನಿನ್ ಶೇ. 9.5, ಉಳಿದ ಎರಡರಲ್ಲೂ ಶೇ. 12.1.
30 ದಿನದೊಳಗೆ ಸಾವು: ಅಪ್ರೋಟಿನಿನ್ ಶೇ. 6.0, ಟ್ರಾನೆಕ್ಸಾಮಿಕ್ ಶೇ. 3.9, ಅಮೈನೋಕಾಪ್ರೋಯಿಕ್ ಶೇ. 4.0.

ರಕ್ತ ನಿಲ್ಲಿಸೋದರಲ್ಲಿ ಗೆದ್ದ ಔಷಧಿ, ಜೀವ ಉಳಿಸೋದರಲ್ಲಿ ಸೋತಿತು. ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು, 2007ರ ನವೆಂಬರ್‌ನಲ್ಲಿ ಬಾಯರ್ ಕಂಪನಿ ಮಾರಾಟ ನಿಲ್ಲಿಸಿತು. ನಂತರ ಯೂರೋಪ್‌ನ ಔಷಧಿ ಸಂಸ್ಥೆ ಮತ್ತೆ ಲೆಕ್ಕ ಹಾಕಿ, 2012ರಲ್ಲಿ ಸೀಮಿತ ಬಳಕೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಲ್ಯಾಬ್ ರೆಕಾರ್ಡಿಗೂ ಇದು ಅನ್ವಯಿಸುತ್ತೆ: ಅಳೆಯೋಕೆ ಸುಲಭವಾದದ್ದನ್ನು ಅಳೆದು, ಬೇಕಾದದ್ದು ಸಿಕ್ಕಿತು ಅಂದುಕೊಳ್ಳಬಾರದು.

6. ಟ್ರಾನೆಕ್ಸಾಮಿಕ್‌ನ ಲೆಕ್ಕ

ಹಾಗಾದರೆ ಟ್ರಾನೆಕ್ಸಾಮಿಕ್ ಆಮ್ಲಕ್ಕೂ ಅದೇ ಪ್ರಶ್ನೆ ಕೇಳಬೇಕಲ್ವಾ? ಕೇಳಿದ್ದಾರೆ. ಅಟಾಕಾಸ್ ಅನ್ನೋ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 7 ದೇಶ, 31 ಆಸ್ಪತ್ರೆ, ಹೃದಯದ ರಕ್ತನಾಳದ ಆಪರೇಷನ್ ಆದ 4,631 ರೋಗಿಗಳು. ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ಬರೀ ಸಲೈನ್.

ಔಷಧಿ ಗುಂಪಿಗೆ ಬೇಕಾದ ರಕ್ತ ಮತ್ತು ರಕ್ತದ ಅಂಶಗಳು ಒಟ್ಟು 4,331 ಯೂನಿಟ್. ಇನ್ನೊಂದು ಗುಂಪಿಗೆ 7,994. ವ್ಯತ್ಯಾಸ 3,663 ಯೂನಿಟ್. ಗುಂಪಿನಲ್ಲಿ ಸುಮಾರು 2,300 ಜನ ಅಂತ ಭಾಗಿಸಿದರೆ ಒಬ್ಬರಿಗೆ ಸರಾಸರಿ ಒಂದೂವರೆ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಉಳಿತಾಯ. ಮೊದಲು ಹೇಳಿದ ಬಿ ನೆಗೆಟಿವ್ ಮೆಸೇಜ್ ನೆನಪಿಸಿಕೊಳ್ಳಿ. ಉಳಿದ ಒಂದೂವರೆ ಯೂನಿಟ್ ಅಂದರೆ ಹುಡುಕಬೇಕಾಗಿಲ್ಲದ ಒಬ್ಬಿಬ್ಬರು ದಾನಿಗಳು.

ರಕ್ತಸ್ರಾವ ಹೆಚ್ಚಾಗಿ, ಅಥವಾ ಹೃದಯದ ಸುತ್ತ ರಕ್ತ ತುಂಬಿ ಒತ್ತಿ, ಎದೆ ಮತ್ತೆ ತೆರೆಯಬೇಕಾಗಿ ಬಂದದ್ದು: ಔಷಧಿ ಗುಂಪಲ್ಲಿ ಶೇ. 1.4, ಇನ್ನೊಂದರಲ್ಲಿ ಶೇ. 2.8. ಅಂದರೆ ಸಾವಿರ ಜನರಲ್ಲಿ 28ರ ಬದಲು 14. ಸುಮಾರು 71 ಜನರಿಗೆ ಔಷಧಿ ಕೊಟ್ಟರೆ ಒಬ್ಬರಿಗೆ ಎರಡನೇ ಸಲ ಎದೆ ತೆರೆಯೋದು ತಪ್ಪುತ್ತೆ.

ಹೆಪ್ಪು ಕರಗದ ಹಾಗೆ ಮಾಡಿದರೆ ಬೇಡದ ಕಡೆಯೂ ಹೆಪ್ಪು ಉಳಿದು ಹಾರ್ಟ್ ಅಟ್ಯಾಕ್, ಲಕ್ವ ಹೆಚ್ಚಾಗಬಹುದು ಅನ್ನೋ ಭಯ ಇತ್ತು. ಸಾವು ಅಥವಾ ಇಂಥ ತೊಂದರೆಗಳನ್ನು ಒಟ್ಟು ಸೇರಿಸಿದರೆ ಔಷಧಿ ಗುಂಪಲ್ಲಿ ಶೇ. 16.7, ಇನ್ನೊಂದರಲ್ಲಿ ಶೇ. 18.1. ಹೆಚ್ಚಾಗಲಿಲ್ಲ.

ಒಂದು ತೊಂದರೆ ಮಾತ್ರ ನಿಜವಾಗಿ ಹೆಚ್ಚಾಯಿತು. ಫಿಟ್ಸ್. ಔಷಧಿ ಗುಂಪಲ್ಲಿ ಶೇ. 0.7, ಇನ್ನೊಂದರಲ್ಲಿ ಶೇ. 0.1. ಸಾವಿರಕ್ಕೆ ಆರು ಜನ ಹೆಚ್ಚು. ಮೆದುಳಿನಲ್ಲಿ ನರಗಳನ್ನು ಶಾಂತವಾಗಿ ಇಡುವ ಸಿಗ್ನಲ್‌ಗಳನ್ನು ಹೆಚ್ಚು ಪ್ರಮಾಣದ ಟ್ರಾನೆಕ್ಸಾಮಿಕ್ ತಡೆಯುತ್ತೆ, ಅದಕ್ಕೇ ಹೀಗೆ. ಈ ಅಧ್ಯಯನದಲ್ಲಿ ಮೊದಲು ಕೆಜಿಗೆ 100 ಮಿಲಿಗ್ರಾಂ ಕೊಡ್ತಿದ್ದರು, ಫಿಟ್ಸ್ ವರದಿಗಳು ಬಂದ ಮೇಲೆ ಅರ್ಧಕ್ಕೆ, ಅಂದರೆ 50ಕ್ಕೆ ಇಳಿಸಿದರು.

7. ಎಷ್ಟು ಕೊಟ್ಟರೆ ಸಾಕು?

ನಿಜವಾದ ಎಂಜಿನಿಯರಿಂಗ್ ಪ್ರಶ್ನೆ ಇದು. ಚೀನಾದಲ್ಲಿ 3,079 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಆಪ್ಟಿಮಲ್ ಅಧ್ಯಯನ ಎರಡು ಡೋಸ್‌ಗಳನ್ನು ಎದುರುಬದುರು ಇಟ್ಟಿತು. 60 ಕೆಜಿ ತೂಕದ, ಐದು ಗಂಟೆ ಆಪರೇಷನ್ ಆಗುವ ಒಬ್ಬ ರೋಗಿಗೆ ನಾವೇ ಲೆಕ್ಕ ಹಾಕೋಣ.

ಕಡಿಮೆ ಡೋಸ್: ಮೊದಲು ಕೆಜಿಗೆ 10 ಮಿಲಿಗ್ರಾಂ, ಅಂದರೆ 600. ಆಮೇಲೆ ಗಂಟೆಗೆ ಕೆಜಿಗೆ 2, ಐದು ಗಂಟೆಗೆ 600. ಮಷಿನ್ನಿನ ದ್ರವಕ್ಕೆ ಕೆಜಿಗೆ 1, ಅಂದರೆ 60. ಒಟ್ಟು 1,260 ಮಿಲಿಗ್ರಾಂ.

ಹೆಚ್ಚು ಡೋಸ್: ಮೊದಲು ಕೆಜಿಗೆ 30, ಅಂದರೆ 1,800. ಗಂಟೆಗೆ ಕೆಜಿಗೆ 16, ಐದು ಗಂಟೆಗೆ 4,800. ಮಷಿನ್‌ಗೆ ಕೆಜಿಗೆ 2, ಅಂದರೆ 120. ಒಟ್ಟು 6,720 ಮಿಲಿಗ್ರಾಂ.

ಐದು ಪಟ್ಟಿಗಿಂತ ಹೆಚ್ಚು. 500 ಮಿಲಿಗ್ರಾಂ ಆಂಪೂಲ್ ಲೆಕ್ಕದಲ್ಲಿ ಮೂರಕ್ಕೂ ಹದಿನಾಲ್ಕಕ್ಕೂ ಇರುವ ವ್ಯತ್ಯಾಸ. ಲಾಭ ಐದು ಪಟ್ಟು ಆಯಿತಾ? ಇಲ್ಲ. ಕೆಂಪು ರಕ್ತಕಣ ಹಾಕಿಸಿಕೊಳ್ಳಬೇಕಾಗಿ ಬಂದವರು ಕಡಿಮೆ ಡೋಸ್‌ನಲ್ಲಿ ಶೇ. 26.0, ಹೆಚ್ಚು ಡೋಸ್‌ನಲ್ಲಿ ಶೇ. 21.8. ಸಾವಿರಕ್ಕೆ 42 ಜನರಿಗೆ ರಕ್ತ ತಪ್ಪಿತು. ಫಿಟ್ಸ್ ಶೇ. 0.4ರಿಂದ ಶೇ. 1.0 ಆಯಿತು, ಸಾವಿರಕ್ಕೆ ಆರು ಜನ ಹೆಚ್ಚು. 42 ಮತ್ತು 6, ಎರಡನ್ನೂ ತಕ್ಕಡಿಯಲ್ಲಿ ಇಡಿ. ಯಾವ ಕಡೆ ತೂಗುತ್ತೆ ಅನ್ನೋದು ರೋಗಿ ಯಾರು ಅನ್ನೋದರ ಮೇಲಿದೆ. ಎರಡನೇ ಸಲ ಎದೆ ತೆರೆಯುತ್ತಿರುವ, ರಕ್ತ ಹೆಚ್ಚು ಹೋಗಬಹುದಾದ ರೋಗಿಗೆ ಒಂದು ಲೆಕ್ಕ. ಕಿಡ್ನಿ ತೊಂದರೆ ಇರುವ ಅಜ್ಜನಿಗೆ ಇನ್ನೊಂದು, ಯಾಕೆಂದರೆ ಈ ಔಷಧಿ ಮುಖ್ಯವಾಗಿ ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಕಿಡ್ನಿ ನಿಧಾನ ಆದರೆ ಅದೇ ಡೋಸ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ.

ಫಿಟ್ಸ್ ತಪ್ಪಿಸೋಕೆ ಔಷಧಿಯನ್ನು ರಕ್ತನಾಳಕ್ಕೆ ಕೊಡದೆ ಎದೆಯೊಳಗೆ ನೇರವಾಗಿ ಸುರಿದರೆ ಹೇಗೆ ಅಂತಲೂ ನೋಡಿದ್ದಾರೆ. 2024ರ ಡಿಪೊಸಿಷನ್ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಫಿಟ್ಸ್ ಕಡಿಮೆ ಕಂಡರೂ ವ್ಯತ್ಯಾಸ ಖಚಿತ ಅನ್ನುವಷ್ಟು ಇರಲಿಲ್ಲ. ರಕ್ತ ಹಾಕಿಸಿಕೊಂಡವರು ಮಾತ್ರ ಹೆಚ್ಚಾದರು. ಹಾಗಾಗಿ ರಕ್ತನಾಳದ ದಾರಿಯೇ ಉಳಿದಿದೆ.

8. ಔಷಧಿಯ ಕೈಲಿ ಆಗದ್ದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಗಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಹಿನ್ನೀರಿನ ಪಕ್ಕದ ಊರುಗಳಿಗೆ ಅದು ಬೆಳೆಯ ಪ್ರಶ್ನೆ, ಕುಡಿಯುವ ನೀರಿನ ಪ್ರಶ್ನೆ. ಆಗ ಎಂಜಿನಿಯರ್‌ಗಳು ಮಾಡಿದ್ದೇನು? ಒತ್ತಡ ತಗ್ಗಿಸೋಕೆ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಕೂರಿಸಿದರು. ಹರಿವ ನೀರಿಗೆ ಮಣ್ಣು ಸುರಿದು ಯಾರೂ ಆ ಗೇಟನ್ನು ಮುಚ್ಚೋಕೆ ಹೋಗಲಿಲ್ಲ.

ಆಪರೇಷನ್ ನಂತರದ ರಕ್ತಸ್ರಾವದಲ್ಲೂ ಎರಡು ಜಾತಿ. ಒಂದು ಗೇಟ್ ಹೋದ ಜಾತಿ: ಹೊಲಿಗೆ ಸಡಿಲ ಆಗಿರುವ ರಕ್ತನಾಳ. ಅದಕ್ಕೆ ಎಷ್ಟು ಟ್ರಾನೆಕ್ಸಾಮಿಕ್ ಕೊಟ್ಟರೂ ನಿಲ್ಲಲ್ಲ, ಸರ್ಜನ್ ಮತ್ತೆ ತೆರೆದು ಹೊಲಿಯಬೇಕು. ಇನ್ನೊಂದು ಕಾಲುವೆ ಬದುವಿನ ಜಾತಿ: ಒಂದೇ ಕಡೆ ಅಂತ ಇಲ್ಲ, ಎಲ್ಲಾ ಕಡೆಯಿಂದ ಜಿನುಗು. ಔಷಧಿಯ ಕೆಲಸ ಇರೋದು ಇಲ್ಲಿ.

ಇವೆರಡನ್ನು ಬೇರೆ ಮಾಡೋದು ಐಸಿಯುನ ಮುಖ್ಯ ಕೆಲಸ. ಎದೆಯಿಂದ ಹೊರಗೆ ಬಂದ ಡ್ರೈನ್ ಪೈಪಿನ ಬಾಟಲಿಯಲ್ಲಿ ಗಂಟೆಗೆ ಎಷ್ಟು ಮಿಲಿ ಬಂತು ಅಂತ ಸಿಸ್ಟರ್ ಬರೀತಾ ಇರ್ತಾರೆ. ಗಂಟೆಗಂಟೆಗೆ ಇಳಿಯುತ್ತಿದ್ದರೆ ಸಮಾಧಾನ. ಏರುತ್ತಿದ್ದರೆ, ಅಥವಾ ಬರುತ್ತಿದ್ದದ್ದು ಏಕಾಏಕಿ ನಿಂತು ಬಿಪಿ ಬಿದ್ದರೆ ಗಾಬರಿ. ಪೈಪ್ ಕಟ್ಟಿಕೊಂಡು ರಕ್ತ ಹೃದಯದ ಸುತ್ತ ತುಂಬುತ್ತಿರಬಹುದು.

ಜೊತೆಗೆ ಏನು ಕೊರತೆ ಅಂತ ಪರೀಕ್ಷೆ ಮಾಡಿ ಅದನ್ನಷ್ಟೇ ತುಂಬ್ತಾರೆ. ಹೆಪಾರಿನ್ ಉಳಿದಿದ್ದರೆ ಪ್ರೋಟಮೀನ್. ಫೈಬ್ರಿನೋಜನ್ ಕಡಿಮೆ ಇದ್ದರೆ ಕ್ರಯೋಪ್ರೆಸಿಪಿಟೇಟ್ ಅಥವಾ ಫೈಬ್ರಿನೋಜನ್ ಪುಡಿ. ಪ್ಲೇಟ್‌ಲೆಟ್ ಕೆಲಸ ಮಾಡದಿದ್ದರೆ ಪ್ಲೇಟ್‌ಲೆಟ್. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡೋದು. ರಕ್ತ ಹೆಪ್ಪುಗಟ್ಟೋದನ್ನು ಹಾಸಿಗೆ ಪಕ್ಕದಲ್ಲೇ ಗ್ರಾಫ್ ಆಗಿ ತೋರಿಸುವ ಥ್ರಾಂಬೋಎಲಾಸ್ಟೋಗ್ರಾಫಿ ಮಷಿನ್‌ಗಳೂ ಇವೆ. ಹೆಪ್ಪು ಕಟ್ಟಿ ಮತ್ತೆ ಕರಗುತ್ತಿದ್ದರೆ ಆ ಗ್ರಾಫ್ ದಪ್ಪ ಆಗಿ ಮತ್ತೆ ಸಣ್ಣ ಆಗುತ್ತೆ.

9. ಊರಿನಿಂದ ಬರುವ ಮನೆಯವರಿಗೆ

ರಕ್ತಸ್ರಾವ ಕಡಿಮೆ ಮಾಡುವ ಕೆಲಸದಲ್ಲಿ ಒಂದು ಪಾಲು ಆಪರೇಷನ್‌ಗೆ ಮೊದಲೇ ಇದೆ, ಅದು ಮನೆಯವರ ಕೈಲೂ ಇದೆ. ನಿಮ್ಮ ಅಜ್ಜ, ಮಾವ, ಚಿಕ್ಕಪ್ಪ ಯಾರಾದರೂ ಆಪರೇಷನ್‌ಗೆ ಹೊರಟಿದ್ದರೆ ಇಷ್ಟನ್ನು ಕೂತು ಬರೆದುಕೊಡಿ.

ಎಲ್ಲಾ ಮಾತ್ರೆಗಳ ಸ್ಟ್ರಿಪ್ ಜೊತೆಗೆ ಒಯ್ಯಲಿ. ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ಅಸಿಟ್ರಾಮ್, ಮಂಡಿನೋವಿಗೆ ತಗೊಳ್ಳೋ ಮಾತ್ರೆ, ನಾಟಿ ಔಷಧಿ, ಎಲ್ಲವನ್ನೂ ತೋರಿಸಬೇಕು. ಕ್ಲೋಪಿಡೋಗ್ರೆಲ್ಲನ್ನು ಸಾಮಾನ್ಯವಾಗಿ ಆಪರೇಷನ್‌ಗೆ ಐದು ದಿನ ಮೊದಲು ನಿಲ್ಲಿಸೋಕೆ ಹೇಳ್ತಾರೆ, ಆಸ್ಪಿರಿನ್ ಎಷ್ಟೋ ಜನರಿಗೆ ಮುಂದುವರಿಸ್ತಾರೆ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ತಾವೇ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು. ಯಾವುದನ್ನು ಯಾವಾಗ ನಿಲ್ಲಿಸಬೇಕು ಅನ್ನೋದು ಡಾಕ್ಟರ್ ಬಾಯಿಂದಲೇ ಬರಬೇಕು.

ಹಿಂದೆ ಫಿಟ್ಸ್ ಬಂದಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮುಚ್ಚಿಡದೆ ಹೇಳಲಿ. ಟ್ರಾನೆಕ್ಸಾಮಿಕ್ ಡೋಸ್ ನಿರ್ಧಾರ ಆಗೋದು ಇದರ ಮೇಲೆ.

ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಕಡೆ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ರಕ್ತಹೀನತೆ ಸಾಮಾನ್ಯ. ತುರ್ತು ಅಲ್ಲದ ಆಪರೇಷನ್ ಆದರೆ ಕಬ್ಬಿಣಾಂಶ ಕೊಟ್ಟು ಸರಿಮಾಡೋಕೆ ಸಮಯ ಇರುತ್ತೆ. ಹನ್ನೆರಡರಿಂದ ಶುರು ಮಾಡಿದವರಿಗೂ ಎಂಟರಿಂದ ಶುರು ಮಾಡಿದವರಿಗೂ ಅದೇ ಅರ್ಧ ಲೀಟರ್ ನಷ್ಟ ಒಂದೇ ಅಲ್ಲ.

ಲೋಹದ ವಾಲ್ವ್ ಹಾಕಿಸಿಕೊಂಡವರು ಮನೆಗೆ ಬಂದ ಮೇಲೆ ಇದರ ಉಲ್ಟಾ ಕೆಲಸ ಇರುತ್ತೆ. ವಾಲ್ವ್ ಮೇಲೆ ಹೆಪ್ಪುಗಟ್ಟದ ಹಾಗೆ ಅಸಿಟ್ರಾಮ್ ಅಥವಾ ವಾರ್ಫರಿನ್ ಜೀವನಪೂರ್ತಿ ಬೇಕು, ಐಎನ್ಆರ್ ಪರೀಕ್ಷೆ ಆಗಾಗ ಬೇಕು. "ಆಪರೇಷನ್‌ದಾಗ ರಕ್ತ ನಿಲ್ಲಾಕ ಔಷಧಿ ಕೊಟ್ರು, ಈಗ್ಯಾಕ ತೆಳು ಮಾಡಾಕ ಮಾತ್ರೆ?" ಅಂತ ಅಜ್ಜ ಕೇಳಿದರೆ, ಆಗ ಗಾಯ ಹಸಿ ಇತ್ತು, ಈಗ ವಾಲ್ವ್ ಕಾಯಬೇಕು ಅಂತ ಹೇಳಿ. ಎರಡೂ ಸರಿ, ಕಾಲ ಬೇರೆ.

10. ನಮ್ಮ ಪಾಲಿಗೆ ಉಳಿದದ್ದು

ಔಷಧಿ ಇದ್ದರೂ ಆಪ್ಟಿಮಲ್ ಅಧ್ಯಯನದ ಎರಡು ಗುಂಪಲ್ಲೂ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ರಕ್ತ ಬೇಕಾಯಿತು ಅನ್ನೋದನ್ನು ಮರೆಯಬೇಡಿ. ಕೆಂಪು ರಕ್ತಕಣವನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಹಬ್ಬ, ಪರೀಕ್ಷೆ, ರಜೆಯ ಕಾಲದಲ್ಲಿ ಕೊಡುವವರು ಕಡಿಮೆ ಆದರೆ ಹಿಂದಿನ ತಿಂಗಳ ಕ್ಯಾಂಪ್ ಕೈಹಿಡಿಯಲ್ಲ. ವಯಸ್ಸು 18 ತುಂಬಿ, ತೂಕ 45 ಕೆಜಿ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ.

ಇನ್ನು ಮಿನಿ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಒಂದು ಕೆಲಸ. ಡ್ರೈನ್ ಬಾಟಲಿಯನ್ನು ಎಷ್ಟೋ ಕಡೆ ಇವತ್ತಿಗೂ ಕಣ್ಣಲ್ಲೇ ನೋಡಿ ಬರೀತಾರೆ. ಬಾಟಲಿ ಸ್ಟ್ಯಾಂಡಿಗೆ ಒಂದು ಲೋಡ್ ಸೆಲ್, ಒಂದು ಸಣ್ಣ ಮೈಕ್ರೋಕಂಟ್ರೋಲರ್ ಸೇರಿಸಿ, ತೂಕದಿಂದ ಗಂಟೆಯ ಹರಿವು ಲೆಕ್ಕ ಹಾಕಿ, ಏರಿದಾಗಲೂ ಏಕಾಏಕಿ ನಿಂತಾಗಲೂ ಎಚ್ಚರಿಸುವ ಹಾಗೆ ಮಾಡಬಹುದು. ಬಾಟಲಿ ಅಲುಗಾಡಿದಾಗ, ಯಾರೋ ಪೈಪ್ ಮುಟ್ಟಿದಾಗ ಬರುವ ಸುಳ್ಳು ರೀಡಿಂಗ್ ತೆಗೆಯೋದೇ ಕಷ್ಟದ ಭಾಗ. ಲ್ಯಾಬಿನಲ್ಲಿ ಬಣ್ಣದ ನೀರಿನಿಂದಲೇ ಶುರು ಮಾಡಬಹುದು. ಯಾರಾದರೂ ಮಾಡೋದಾದರೆ ಕನ್ನಡ ಸಂಘದ ರೂಮಿಗೆ ಬನ್ನಿ, ನಾವೂ ಜೊತೆಗೆ ಕೂರ್ತೀವಿ.